ಮೂರನೇ ಹಿಡಿ ಮಣ್ಣು

ಜನವರಿ 3, 1966. ಸೋಮವಾರ. ಮೋರಟಗಿ. ಸಂಜೆ.

ಮೂರನೇ ಇಯತ್ತೆಯ ಶುದ್ಧಬರಹ ತಿದ್ದಿ ಮುಗಿಸಿದೆ. ‘ಶಾಲೆ’ ಎಂದು ಕೂಗಿ ಕೂಗಿ ಹೇಳಿದರೂ ಅರ್ಧ ಕ್ಲಾಸು ‘ಸಾಲಿ’ ಎಂದೇ ಬರೆದಿದೆ. ಕಿವಿ ಹಿಂಡಿದೆ. ಹಿಂಡಿದ ಮೇಲೂ ‘ಸಾಲಿ’. ರಮಜಾನಿನ ಉಪವಾಸ, ರೋಜಾ ಇದ್ದಾಗ ಇಷ್ಟು ಗಂಟಲು ಒಣಗಿಸಿಕೊಳ್ಳಬಾರದು. ಯಾರು ಕೇಳುತ್ತಾರೆ…

ಮಧ್ಯಾಹ್ನ ಪಂಚಾಯ್ತಿ ಚೇರಮನ್ ರಾವಸಾಬ ಗೌಡರು ಬಂದರು. ಹೆಡ್‌ಮಾಸ್ತರ ಕುರ್ಚಿಯಲ್ಲೇ ಕೂತು ನನ್ನನ್ನು ಕರೆಸಿದರು. ಹೆಣ್ಣು ಮಾಸ್ತರಳು, ಊರಿಗೆಲ್ಲ ನಾನು ‘ಬಾಯಾರು’. ಇಪ್ಪತ್ತಾರನೇ ತಾರೀಖು ಶಾಲೆಯ ಅಂಗಳದಲ್ಲಿ ಕಲ್ಲು ನಿಲ್ಲಿಸುತ್ತಾರಂತೆ. ಸೆಪ್ಟೆಂಬರಿನ ಯುದ್ಧದಲ್ಲಿ ತೀರಿಕೊಂಡ ಈ ಊರಿನ ಸಿಪಾಯಿ ಅಮೀನುದ್ದೀನರ ಹೆಸರಿನ ಕಲ್ಲು.

“ಬಾಯಾರ, ನಿಮ್ಮ ಅಕ್ಷರ ಅಂದ್ರ ಮುತ್ತು ಪೋಣಿಸಿದಂಗ ಅದಾವ್ರಿ. ಕಲ್ಲಿನ ಮ್ಯಾಲೆ ಏನ ಕೊರೀಬೇಕು, ನೀವ ಬರದ ಕೊಡ್ರಿ.”

“ನಾ ಯಾಕ್ರಿ? ಹೆಡ್‌ಮಾಸ್ತರ ಅದಾರಲ್ರಿ.”

“ನಿಮ್ಮ ಪೈಕಿ ಹುಡುಗ ಅಲ್ಲೇನ್ರಿ ಅಂವಾ? ನೀವ ಬರದ್ರ ಛಂದ.”

ಇವರಿಗೆ ತಿಳಿದುಹೋಯಿತೇ? ನಮ್ಮ ಪೈಕಿ! ಆಮೇಲೆ ಹೊಳೆಯಿತು, ಮುಸಲ್ಮಾನರ ಪೈಕಿ ಎಂದು ಅವರ ಅರ್ಥ. ಅದಕ್ಕಿಂತ ಹೆಚ್ಚಿಗೆ ಅವರಿಗೇನೂ ಗೊತ್ತಿಲ್ಲ. ಈ ಊರಲ್ಲಿ ಯಾರಿಗೂ ಗೊತ್ತಿಲ್ಲ. “ಆತ್ರಿ” ಎಂದು ಹೇಳಿ ಕ್ಲಾಸಿಗೆ ಬಂದೆ.

ಇಲ್ಲಾದರೂ ಬರೆಯುತ್ತೇನೆ. ಕಳೆದ ಜೂನಿನಲ್ಲಿ ಅಮೀನುದ್ದೀನರ ತಾಯಿ ಜೈತುನಬಿ ಇಂಡಿಗೆ ಹೋಗಿ, ನನ್ನ ಅಣ್ಣ ಯಾಕೂಬಸಾಬನ ಮನೆಯಲ್ಲಿ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಮಾತು ಪಕ್ಕಾ ಆಯಿತು. ರಮಜಾನಿಗೆ ಮುಂಚೆ ಅವರು ಇನ್ನೊಮ್ಮೆ ರಜೆಗೆ ಬಂದಾಗ ನಿಕಾಹ. ಅಲ್ಲಿಯವರೆಗೆ ಯಾರ ಮುಂದೂ ಬಾಯಿ ಬಿಡಬೇಡ ಎಂದಿದ್ದ ಅಣ್ಣ. ಹುಡುಗನ ಮನೆ ಇರುವ ಊರಲ್ಲೇ ಹುಡುಗಿಯ ನೌಕರಿ, ಜನರ ಬಾಯಿಗೆ ಬೀಗ ಹಾಕುವವರು ಯಾರು ಎಂದು. ಸೆಪ್ಟೆಂಬರಿನಲ್ಲಿ ತಾರು ಬಂತು. ಇಡೀ ಊರು ಅತ್ತಿತು. ನಾನು ಮಕ್ಕಳ ಹಾಜರಿ ತೆಗೆದುಕೊಂಡೆ.

ಹೆಂಡತಿ ಅಲ್ಲ. ವಿಧವೆ ಅಲ್ಲ. ಬಳೆ ಒಡೆಯುವಂತಿಲ್ಲ, ನಾಲ್ಕು ತಿಂಗಳು ಮನೆ ಹಿಡಿದು ಇದ್ದತ್ತಿಗೆ ಕೂರುವಂತಿಲ್ಲ. ನನ್ನಂಥವಳಿಗೆ ಕನ್ನಡದಲ್ಲಿ ಏನನ್ನುತ್ತಾರೆ? ಪದ ಕಲಿಸುವ ಕೆಲಸ ನನ್ನದು. ನನಗೊಂದು ಪದ ಸಿಕ್ಕಿಲ್ಲ.


ಜನವರಿ 5. ಬುಧವಾರ.

ಬರೆಯಲು ಕೂತರೆ ಬರುತ್ತಿಲ್ಲ. ‘ವೀರಮರಣವನ್ನಪ್ಪಿದ’ — ಛೀ, ಪಠ್ಯಪುಸ್ತಕ. ‘ಮಾತೃಭೂಮಿಯ ಸೇವೆಯಲ್ಲಿ’ — ಹೆಡ್‌ಮಾಸ್ತರ ಭಾಷಣ.

ಅಮೀನುದ್ದೀನರ ವಿಷಯ ನನಗೇನು ಗೊತ್ತು? ಬೂಟು ಗೊತ್ತು. ಜೂನಿನಲ್ಲಿ ಮೊದಲ ಮಳೆ ಬಿದ್ದ ಮರುದಿನ ಶಾಲೆಯ ಮುಂದೆ ಹಾದುಹೋಗುತ್ತಿದ್ದರು. ಮಿಲಿಟರಿ ಬೂಟಿಗೆ ಕಪ್ಪು ಎರಿ ಮಣ್ಣು ಮೆತ್ತಿ ಒಂದೊಂದು ಕಾಲು ಒಂದೊಂದು ಒರಳಿನಷ್ಟಾಗಿತ್ತು. ನಮ್ಮ ಮೆಟ್ಟಿಲಿಗೆ ಬಂದು ಕೆರೆದರು. ಕಿಟಕಿಯಿಂದ ಗದರಿದೆ, “ಯಾರ್ರಿ ಅದು? ಮೆಟ್ಟಲಾ ಹೊಲಸ ಮಾಡಬ್ಯಾಡ್ರಿ!”

“ಏನ ಮಾಡ್ಲಿರಿ ಬಾಯಾರ? ನಮ್ಮ ಎರಿ ಮಣ್ಣು, ಹತ್ತಿತಂದ್ರ ಬಿಡಂಗಿಲ್ಲ. ಪಂಜಾಬದ ಮಣ್ಣಾಗಿದ್ರ ಒಂದೀಟ ಜಾಡಿಸಿದ್ರ ಉದುರ್ತಿತ್ತು. ಅದಕ್ಕ ಮಾಯಾನ ಇಲ್ಲ.”

ಸಂಜೆ ಹೋಗುವಾಗ ನೋಡಿದರೆ ಮೆಟ್ಟಿಲು ತೊಳೆದಿತ್ತು. ಎಂಟು ದಿನದಲ್ಲಿ ಅವರ ತಾಯಿ ಇಂಡಿಯ ಬಸ್ಸು ಹತ್ತಿದರು. ಇದನ್ನು ಕಲ್ಲಿನ ಮೇಲೆ ಹೇಗೆ ಕೊರೆಸಲಿ?

ಕೊನೆಗೆ ಹೆಡ್‌ಮಾಸ್ತರೇ ಹೇಳಿದರು, “ಹುತಾತ್ಮ ಅಂತ ಹಾಕ್ರಿ. ಪೇಪರದಾಗ ಎಲ್ಲಾ ಅದ ಬರ್ತೈತಿ.” ಹಾಕಿದೆ. ‘ಹುತಾತ್ಮ ಸಿಪಾಯಿ ಅಮೀನುದ್ದೀನ. ಮೋರಟಗಿ. ಖೇಮಕರಣ, ಸೆಪ್ಟೆಂಬರ್ 1965.’ ಖೇಮಕರಣ ಎಂದರೆ ಅವರು ತೀರಿಕೊಂಡ ಪಂಜಾಬದ ಗಡಿಯೂರು. ಚೀಟಿ ಕಲ್ಲುಕುಟಿಗನಿಗೆ ಹೋಯಿತು. ಅಕ್ಷರ ಮುತ್ತಿನಂತಿವೆ. ಬೆಂಕಿ ಹಚ್ಚಲಿ ಆ ಮುತ್ತಿಗೆ.


ಜನವರಿ 7. ಶುಕ್ರವಾರ. ಇಫ್ತಾರ್ ಆದ ಮೇಲೆ.

ನನ್ನ ನಾಲಿಗೆ ಸೀಳಬೇಕು.

ರಮಜಾನಿನಲ್ಲಿ ರೋಜಾ ಬಿಡಲು ಜೈತುನಬಿಯವರ ಮನೆಗೇ ಹೋಗುತ್ತೇನೆ. ಒಂಟಿ ಹೆಂಗಸು, ಒಂಟಿ ಬಾಯಾರು, ಯಾರೂ ಎರಡು ಮಾತಾಡುವುದಿಲ್ಲ. ಜನರ ಮುಂದೆ ನನ್ನನ್ನು ‘ಬಾಯಾರ’ ಎನ್ನುತ್ತಾರೆ, ಬಾಗಿಲು ಮುಚ್ಚಿದರೆ ‘ಸಗೀರಾ’. ನನ್ನ ಒಳ್ಳೆಯದಕ್ಕೇ. ಸಕ್ಕರೆ ಬಾಯಿಗೆ ಬಿದ್ದ ಮೂರೇ ತಿಂಗಳಿಗೆ ಗಂಡು ಸತ್ತ ಎಂದು ತಿಳಿದರೆ ಊರು ನನ್ನ ಕಾಲ್ಗುಣ ಅಳೆಯುತ್ತದೆ, ಮುಂದೆ ಯಾರೂ ಕೇಳುವುದಿಲ್ಲ ಎಂಬ ಹೆದರಿಕೆ ಅವರಿಗೆ. ಮಗನನ್ನು ಕಳೆದುಕೊಂಡವರು, ಕೂತು ನನ್ನ ಚಿಂತೆ ಮಾಡುತ್ತಾರೆ.

ಉತ್ತತ್ತಿ ತಿಂದು ನೀರು ಕುಡಿದೆವು. “ಕಲ್ಲಿನ ಮ್ಯಾಲೆ ಏನ ಬರದಿ, ಓದಿ ಹೇಳ ನನ್ನವ್ವಾ” ಎಂದರು. ಹೇಳಿದೆ.

“ಹುತಾತ್ಮ ಅಂದ್ರೇನ?”

“ನಾವು ಶಹೀದ ಅಂತೀವಲ್ರಿ ಅಮ್ಮಾ, ಹಂಗ.”

ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. ಟ್ರೇನಿಂಗ್ ಕಾಲೇಜಿನ ಚಟ, ಪದ ಸಿಕ್ಕರೆ ಬಿಡಿಸಿ ಹರವಬೇಕು. “ಹುತ ಅಂದ್ರ ಬೆಂಕಿಗೆ ಹಾಕಿದ್ದು. ಆತ್ಮ ಅಂದ್ರ ಜೀವ” ಎಂದೆ, ಜಾಣೆಯಂತೆ.

ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

“ಬೆಂಕಿಗೆ?… ನನ್ನ ಮಗನ್ನ ಸುಟ್ಟರೇನ?”

“ಇಲ್ರಿ ಅಮ್ಮಾ, ಅದು ಬರೇ ಮಾತು…”

“ಮತ್ತ ಬೆಂಕಿ ಅಂತ ಬರದೀಯಲ್ಲ? ಕಲ್ಲಿನ ಮ್ಯಾಲೆ ಸುಳ್ಳ ಬರೀತಾರೇನ? ತಾರಿನಾಗ ಹ್ವಾದ ಅಂತ ಇತ್ತು. ಮಣ್ಣ ಮಾಡಿದ್ವಿ ಅಂತ ಇರಲಿಲ್ಲ. ನೀನ ಓದಿದ್ದಿ ಸಗೀರಾ. ಇತ್ತೇನ?”

ಇರಲಿಲ್ಲ. ಏನು ಹೇಳಲಿ? ನನಗೂ ಗೊತ್ತಿಲ್ಲ. ಇಷ್ಟು ದಿನ ಕೇಳಿಕೊಂಡೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.


ಜನವರಿ 9. ರವಿವಾರ.

ಜೈತುನಬಿ ಬೆಳಗಿನ ಜಾವದ ಸಹರಿಗೆ ಬರೀ ನೀರು ಕುಡಿದು ರೋಜಾ ಹಿಡಿಯುತ್ತಿದ್ದಾರೆ. ಸಂಜೆಗೂ ಅಷ್ಟೇ. ರಾವಸಾಬ ಗೌಡರು ಸಮಾಧಾನ ಹೇಳಲು ಹೋಗಿದ್ದರಂತೆ.

“ಗೌಡ್ರ, ಮಗಗ ಮಣ್ಣ ಸಿಕ್ಕಿಲ್ಲಂದ್ರ ಕಲ್ಲ ಯಾತಕ್ರಿ? ಮಣ್ಣ ಸಿಕ್ಕೈತಿ ಅಂತ ಮೊದಲ ಹೇಳ್ರಿ. ಆಮ್ಯಾಲೆ ನಿಲ್ಲಸ್ರಿ. ಅಲ್ಲೀತನಕ ನನ್ನ ಮಗನ ಹೆಸರ ಮುಟ್ಟಬ್ಯಾಡ್ರಿ.”

ಗೌಡರು ಹಾಗೇ ಎದ್ದು ಬಂದರಂತೆ. ಅವರ ಮಂದಿಯೂ ಸತ್ತವರನ್ನು ಹೂಳುವವರೇ. ನನಗೆ ಹಿತ್ತಲ ಖೋಲಿ ಬಾಡಿಗೆಗೆ ಕೊಟ್ಟಿರುವ ಶೆಟ್ಟೆವ್ವ ಬೆಳಿಗ್ಗೆ ಅಂಗಳ ಸಾರಿಸುತ್ತಲೇ ನನ್ನನ್ನು ಜಾಡಿಸಿದಳು. “ನಾವೂ ಹುಗಿಯೋರು, ನೀವೂ ಹುಗಿಯೋರು, ಕುರುಬ್ರೂ ಹುಗಿಯೋರು. ಸತ್ರ ‘ಮಣ್ಣಿಗೆ ಬರ್ರಿ’ ಅಂತೀವಿ, ಬೆಂಕಿಗೆ ಬರ್ರಿ ಅಂತೀವೇನ್ರಿ? ಈ ಊರಾಗ ಬೆಂಕಿ ಮಾತ ಯಾಕ ತಂದ್ರಿ ಬಾಯಾರ?”

ನಿಜ. ಪೇಪರಿನ ಪದ ತಂದು ಊರಿನ ಕಲ್ಲಿಗೆ ಹಚ್ಚಲು ಹೋದೆ.

ಸಾಲದ್ದಕ್ಕೆ ಮಧ್ಯಾಹ್ನ ಇಂಡಿಯಿಂದ ಅಣ್ಣ ಬಂದ. ಮುದ್ದೇಬಿಹಾಳದ ಕಡೆ ಒಂದು ಗಂಡು ನೋಡಿದ್ದಾನೆ. ಕೋರ್ಟಿನಲ್ಲಿ ಗುಮಾಸ್ತ. ಹೆಂಡತಿ ತೀರಿಕೊಂಡು ವರ್ಷವಾಗಿದೆ.

“ಹಬ್ಬ ಆದ ಮ್ಯಾಲೆ ನೋಡಾಕ ಬರ್ತಾರ. ಆ ಸಕ್ಕರಿ ಮಾತ ಎಲ್ಲೂ ಆಡಬ್ಯಾಡ ಸಗೀರಾ. ಅದ ಆಗೇ ಇಲ್ಲ ಅಂತ ತಿಳ್ಕೊ.”

“ತಿಂದದ್ದು ಆಗಿಲ್ಲ ಅಂತ ಹೆಂಗ ತಿಳ್ಕೋಬೇಕಣ್ಣಾ?”

“ಎದಿರ ಮಾತ ಕಲ್ತಿ. ನೌಕರಿ ಮಾಡಸಿದ್ದ ತಪ್ಪಾತು.”

ಕೆಟ್ಟವನಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು. ತಲೆ ಸವರಿ ಹೋದ. ಆ ಸವರಿದ್ದಕ್ಕೇ ಸಿಟ್ಟು ಬಂತು.


ಜನವರಿ 11. ಮಂಗಳವಾರ.

ರೇಡಿಯೋದಲ್ಲಿ ಬಂತು, ಪ್ರಧಾನಿ ತೀರಿಕೊಂಡರು. ದೂರದ ಊರಿನಲ್ಲಿ, ಸಂಧಾನದ ಸಹಿ ಹಾಕಿದ ರಾತ್ರಿಯೇ. ಶಾಲೆಗೆ ರಜೆ. ಪಂಚಾಯ್ತಿ ಕಟ್ಟೆಯ ಮುಂದೆ ಜನ ನಿಂತು ಅತ್ತರು. ಗಂಡಸರು ರುಮಾಲಿನಿಂದ ಕಣ್ಣೊರೆಸಿಕೊಂಡರು.

ನಾನೂ ಅತ್ತೆ. ಮೊದಲ ಸಲ, ಎಲ್ಲರೆದುರು, ದನಿ ತೆಗೆದು ಅತ್ತೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಶೆಟ್ಟೆವ್ವ ಬೆನ್ನು ಸವರಿ “ಬಿಡ್ರಿ ಬಾಯಾರ, ದೊಡ್ಡವ್ರು, ಪುಣ್ಯಾತ್ಮರು” ಎಂದಳು. ಆ ಪುಣ್ಯಾತ್ಮರ ನೆವದಲ್ಲಿ ನಾಲ್ಕು ತಿಂಗಳಿನ ಅಳು ಮುಗಿಸಿದೆ. ಅವರು ಕ್ಷಮಿಸಬೇಕು. ಮುಗಿಯಿತು ಎಂದುಕೊಂಡೆ. ಮುಗಿದಿಲ್ಲ.


ಜನವರಿ 14. ಶುಕ್ರವಾರ. ಸಂಕ್ರಾಂತಿ. ಆಲಮೇಲಕ್ಕೆ ಹೋಗಿ ಬಂದು.

ಅಮೀನುದ್ದೀನರ ಪಲ್ಟನ್ನಿನಲ್ಲೇ ಇದ್ದ ಆಲಮೇಲದ ಅಮಸಿದ್ದ ಎಂಬವನು ಗಾಯವಾಗಿ ಊರಿಗೆ ಬಂದಿದ್ದಾನೆಂದು ಮೊನ್ನೆ ಬಸ್ಸಿನ ಕಂಡಕ್ಟರು ಹೇಳಿದ್ದ. ಹೋಗಲೇಬೇಕು ಎನಿಸಿತು. ಆದರೆ ಹೆಣ್ಣೊಬ್ಬಳು ಸಿಪಾಯಿಯನ್ನು ಹುಡುಕಿಕೊಂಡು ಬಸ್ಸು ಹತ್ತುವುದೆಂದರೆ! ಶೆಟ್ಟೆವ್ವ ಸಂಕ್ರಾಂತಿಗೆ ಆಲಮೇಲದ ಕಡೆ ಭೀಮಾ ನದಿಯ ಸ್ನಾನಕ್ಕೆ ಹೊರಟಿದ್ದಳು. ಜೈತುನಬಿಯ ಸಲುವಾಗಿ ಕೇಳಿ ಬರೋಣ ಎಂದು ಅವಳ ಜೊತೆ ಹೊರಟೆ. ಸಿಂದಗಿಯಲ್ಲಿ ಬಸ್ಸು ಬದಲು. ಧೂಳು, ಎಳ್ಳು, ಎಣ್ಣೆ ತಲೆ, ಕೂಸುಗಳ ಅಳು. ಶೆಟ್ಟೆವ್ವ ಮುಳುಗು ಹಾಕಿ ಒದ್ದೆ ಸೀರೆಯಲ್ಲೇ ಊರೊಳಗೆ ಮನೆ ಹುಡುಕಿದಳು.

ಕುರಿ ದೊಡ್ಡಿಯ ಮುಂದೆ ಕೂತಿದ್ದ. ನನ್ನ ಅಣ್ಣನ ವಯಸ್ಸಿನವನು. ಬಲಗೈ ಮೊಣಕೈ ಕೆಳಗಿಲ್ಲ. ಅಂಗಿಯ ತೋಳನ್ನು ಮಡಚಿ ಪಿನ್ನು ಹಾಕಿದ್ದ. ಮೋರಟಗಿಯವರು, ಅಮೀನುದ್ದೀನನ ತಾಯಿ ಕಳಿಸಿದ್ದಾರೆ ಎಂದು ಶೆಟ್ಟೆವ್ವ ಹೇಳಿದಳು. ನಾನು ನೇರ ಕೇಳಿದೆ, ಇಲ್ಲದಿದ್ದರೆ ಕೇಳುವುದೇ ಆಗುತ್ತಿರಲಿಲ್ಲ.

“ಅವರನ್ನ ಸುಟ್ಟರೇನ್ರಿ?”

“ಯಾರ ಸುಡ್ತಾರಕ್ಕಾ? ನಾ ಇದ್ದೆನಲ್ಲಾ!” ಎಂದ, ಜಗಳಕ್ಕೆ ಬಂದವನಂತೆ. “ಕಬ್ಬಿನ ಹೊಲದಾಗ ಇದ್ವಿ. ‘ನಿಮ್ಮ ಆಲಮೇಲದ ಕಬ್ಬಿನಂಗನ ಐತಲ್ಲೋ ಅಮಸಿದ್ದಾ’ ಅಂತ ಮುಂಜಾನೆ ಅಂದಿದ್ದ. ಮಧ್ಯಾಹ್ನಕ್ಕ ಹ್ವಾದ. ಸಂಜಿಮುಂದ ಸುಬೇದಾರ ಕೇಳಿದ, ಏನ ಮಾಡೂದಂತ. ಹುಗೀಬೇಕ್ರಿ, ನಮ್ಮ ಕಡೆ ಹುಗೀತಾರ ಅಂದೆ. ಹೊಲದ ಬದುವಿನ ಮ್ಯಾಲೆ ತೆಗ್ಗ ತಗದ್ರು. ಮೌಲ್ವಿ ಇರಲಿಲ್ಲ. ದುವಾ ನನಗ ಬರಂಗಿಲ್ಲ. ನಮ್ಮೂರಾಗ ನಿಮ್ಮಂದಿ ಮಣ್ಣಿಗೆ ಹ್ವಾದಾಗ ಎಲ್ಲಾರೂ ಮೂರ ಹಿಡಿ ಮಣ್ಣ ಕೊಡ್ತಾರಲ್ಲ, ನಾನೂ ಕೊಟ್ಟೇನಿ. ಹಂಗ ಮೂರ ಹಿಡಿ ಕೊಟ್ಟೆ. ಬಲಗೈ ಆಗಳೇ ಹ್ವಾಗಿತ್ತು, ಬಟ್ಟಿ ಸುತ್ತಿದ್ರು. ಎಡಗೈಲೆ ಕೊಟ್ಟೆ. ತಪ್ಪಾತೇನಕ್ಕಾ?”

ಇಲ್ಲ ಎಂದು ತಲೆಯಾಡಿಸಿದೆ.

“ಒಂದ ಹಿಡಿ ಅವರವ್ವನ ಹೆಸರೀಲೆ. ಎರಡನೇದು ನಂದು. ಮೂರನೇದು… ಅವನ ಕಡೆ ಯಾರೋ ಸಾಲಿ ಬಾಯಾರ ಇದ್ರಂತ. ಹೆಸರ ಹೇಳ್ತಿರಲಿಲ್ಲ ಹುಚ್ಚಪ್ಯಾಲಿ. ಬರೇ ‘ನಮ್ಮ ಬಾಯಾರು, ನಮ್ಮ ಬಾಯಾರು’ ಅಂತಿದ್ದ, ಅನಕೋತ ನಗತಿದ್ದ. ಅವರ ಪಾಲಿಂದೂ ಇರಲಿ ಅಂತ ಮೂರನೇ ಹಿಡಿ ಅವರ ಹೆಸರೀಲೆ ಕೊಟ್ಟೆ.”

ನಾನು ಕುರಿಗಳನ್ನು ನೋಡುತ್ತ ನಿಂತೆ. ಶೆಟ್ಟೆವ್ವ ನನ್ನ ರಟ್ಟೆ ಹಿಡಿದಳು. “ನಡೀರಿ ಬಾಯಾರ, ಬಸ್ಸಿನ ಹೊತ್ತಾತು.”

ಬಾಯಾರ ಎಂಬ ಮಾತು ಅವನ ಕಿವಿಗೆ ಬಿತ್ತು. ಕೂತವನು ಎದ್ದ. ನನ್ನ ಮುಖ ನೋಡಿದ. ಕಾಲು ಜೋಡಿಸಿ ನಿಂತು, ಎಡಗೈ ಎತ್ತಿ ಸೆಲ್ಯೂಟ್ ಹೊಡೆದ.

ಬಸ್ಸು ಸಿಂದಗಿ ದಾಟಿದ ಮೇಲೆ ಶೆಟ್ಟೆವ್ವ ‘ರಿ’ ಬಿಟ್ಟು ಹೇಳಿದಳು. “ಮೊನ್ನೆ ಪ್ರಧಾನಿ ಹ್ವಾದಾಗ ನೀ ಅತ್ತದ್ದ ನೋಡೇ ನನಗ ಅನಿಸಿತ್ತು. ಸರಕಾರಕ್ಕ ಯಾರೂ ಅಷ್ಟ ಅಳಂಗಿಲ್ಲವಾ. ಈಗೂ ಅಳೂದಿದ್ರ ಅತ್ತಬಿಡ. ಕಣ್ಣಾಗ ಧೂಳ ಬಿತ್ತಂತ ಅಂದ್ರಾತು. ಸಂಜಿ ಉಪವಾಸ ಬಿಡಾಕ ನನ್ನ ಕಡೆ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಐತಿ.”

ಅಳಲಿಲ್ಲ. ನನ್ನ ಪಾಲಿನ ಮಣ್ಣು ಇನ್ನೊಬ್ಬರ ಕೈಯಿಂದ ಬಿದ್ದಾಗಿದೆ, ನನಗೇ ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ? ಮಗ್ಗಿ ಹೇಳಿಸುತ್ತಿದ್ದೆನೇನೋ.


ಜನವರಿ 15. ಶನಿವಾರ.

ನಿನ್ನೆಯೇ ಜೈತುನಬಿಗೆ ಹೇಳಿದೆ. ಬಾಗಿಲಲ್ಲೇ ಹೇಳಿದೆ, ಚಪ್ಪಲಿ ಬಿಡುವ ಮೊದಲೇ, “ಅಮ್ಮಾ, ಮಣ್ಣ ಸಿಕ್ಕೈತ್ರಿ.” ಗೋಡೆ ಹಿಡಿದು ಕೂತರು. ಎಲ್ಲ ಕೇಳಿದರು — ಕಬ್ಬು, ಬದು, ಎಡಗೈ. ಎಡಗೈ ಎಂದಾಗ ಅತ್ತರು. “ಅವನ ಆ ಕೈಗೆ ಅಲ್ಲಾ ಬರಕತ್ತ ಕೊಡಲಿ.” ಆಮೇಲೆ ಇದ್ದ ಒಂದು ರೊಟ್ಟಿಯನ್ನು ಮುರಿದು ನನಗೂ ಕೊಟ್ಟು ತಾವೂ ತಿಂದರು.

“ಒಂದ ನನ್ನ ಹೆಸರೀಲೆ, ಒಂದ ಅವಂದು. ಮತ್ತ ಮೂರನೇದು?”

ನಾನು ರೊಟ್ಟಿ ಮುರಿಯುತ್ತ ಕೂತೆ. ಗಲ್ಲ ಹಿಡಿದು ನನ್ನ ಮುಖ ದೀಪದ ಕಡೆ ತಿರುಗಿಸಿದರು.

“ತಿಳೀತು. ಅದನ್ನ ಯಾರ ಮುಂದೂ ಹೇಳಬ್ಯಾಡ ನನ್ನವ್ವಾ. ನೀ ಇನ್ನೂ ಬದುಕಬೇಕು.”

ಎಲ್ಲರೂ ಇದನ್ನೇ ಹೇಳುತ್ತಾರೆ. ಬದುಕಬೇಕಾದರೆ ಬಾಯಿ ಮುಚ್ಚಿಕೊಂಡೇ ಬದುಕಬೇಕೇ?

ಬೆಳಿಗ್ಗೆ ಅವರು ತಾವೇ ಗೌಡರ ಮನೆಗೆ ಹೋಗಿ ಕಲ್ಲಿಗೆ ಒಪ್ಪಿಗೆ ಕೊಟ್ಟರು. ಒಂದು ಕರಾರು ಹಾಕಿದ್ದಾರೆ. “ಗೋರಸ್ಥಾನಕ್ಕ ಹೆಂಗಸ್ರು ಹೋಗಂಗಿಲ್ರಿ, ಖರೆ. ಆದ್ರ ಇದು ಸಾಲಿ ಅಂಗಳ. ಕಲ್ಲ ನಿಲ್ಲಿಸಿ ತೆಗ್ಗ ಮುಚ್ಚೂ ಮುಂದ ಮೂರ ಹಿಡಿ ಮಣ್ಣ ಕೊಡೂದಾಗಬೇಕು. ಮೊದಲನೇದು ನಾ ಕೊಡ್ತೇನಿ.” ಗೌಡರು ಹೂಂ ಎಂದರಂತೆ. ಆಲಮೇಲಕ್ಕೂ ಹೇಳಿ ಕಳಿಸಿದ್ದಾರೆ.


ಜನವರಿ 17. ಸೋಮವಾರ.

‘ಹುತಾತ್ಮ’ ಬೇಡ ಎನ್ನಲು ಕಲ್ಲುಕುಟಿಗನ ಹತ್ತಿರ ಓಡಿದೆ. ಓಡಿದ್ದೇ ಬಂತು. ಆಗಲೇ ‘ಹು’ ಕೊರೆದು ಕೂತಿದ್ದ. ಆಳವಾಗಿ, ಚೆಂದವಾಗಿ.

“ಕಲ್ಲಿಗೆ ರಬ್ಬರ ಇರಂಗಿಲ್ರಿ ಬಾಯಾರ” ಎಂದ. “ಹು ಅನ್ನೂದರಿಂದ ಸುರು ಆಗೂದ ಬ್ಯಾರೆ ಏನರ ಹೇಳ್ರಿ. ಇಲ್ಲಂದ್ರ ಕಲ್ಲ ಹ್ವಾತು.”

ಗೌಡರು, ಹೆಡ್‌ಮಾಸ್ತರು ಇಬ್ಬರೂ ತಲೆ ಕೆರೆದರು. ಹೆಡ್‌ಮಾಸ್ತರು ‘ಹುರಿಯಾಳು’ ಎಂದರು. ಗೌಡರು ‘ಹುಲಿ’ ಎಂದರು. ಅಮೀನುದ್ದೀನ ಹುಲಿ! ಅವರಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನಮ್ಮ ಹಿತ್ತಲಿನ ನಾಯಿಗೆ ಹೆದರಿ ಬೇರೆ ಓಣಿ ಸುತ್ತಿ ಬರುತ್ತಿದ್ದ ಹುಲಿ.

ನಾನು ಅಲ್ಲೇ, ಕಲ್ಲಿನ ಚೂರುಗಳ ಮೇಲೆ ಕೂತು ಬರೆದುಕೊಟ್ಟೆ.

ಹುಟ್ಟಿದ್ದು ಮೋರಟಗಿ
ಮಣ್ಣಾದದ್ದು ಖೇಮಕರಣ
ಸಿಪಾಯಿ ಅಮೀನುದ್ದೀನ

“ಇಷ್ಟ ಏನ್ರಿ?” ಎಂದರು ಗೌಡರು. “ಶೂರ, ಧೀರ ಅಂತ ಏನೂ ಬ್ಯಾಡೇನ್ರಿ? ಬಾಗೇವಾಡಿಯಿಂದ ಮಂದಿ ಬರಾವ್ರದಾರ.”

“ಅವರವ್ವಗ ತಿಳೀಬೇಕ್ರಿ. ಬಾಗೇವಾಡಿ ಮಂದಿಗೆ ತಿಳೀಲಿಲ್ಲಂದ್ರೂ ನಡೀತೈತಿ.”

ಇಷ್ಟು ಖಾರವಾಗಿ ಗೌಡರ ಎದುರು ಎಂದೂ ಮಾತಾಡಿರಲಿಲ್ಲ. ಅವರು ಮೀಸೆಯಲ್ಲೇ ನಕ್ಕರು. ಆದರೂ ‘ಜೈ ಜವಾನ’ ಅಂತ ಕೆಳಗೆ ಒಂದು ಸಾಲು ಸೇರಿಸಿಯೇ ಬಿಟ್ಟರು.


ಜನವರಿ 23. ರವಿವಾರ. ರಮಜಾನ ಹಬ್ಬ.

ಹಬ್ಬಕ್ಕೆ ಇಂಡಿಗೆ ಹೋಗಲಿಲ್ಲ. ಕಲ್ಲಿನ ಕೆಲಸ ಇದೆ ಎಂದು ಹೇಳಿ ಕಳಿಸಿದೆ. ಅಣ್ಣನಿಗೆ ಸಿಟ್ಟು. ಬಸ್ಸಿನವರ ಕೈಯಲ್ಲಿ ಮರುಮಾತು ಬಂತು — ಇಪ್ಪತ್ತಾರಕ್ಕೆ ಎಲ್ಲ ಕಡೆ ರಜೆ, ಮುದ್ದೇಬಿಹಾಳದವರನ್ನು ಅಂದೇ ಇಲ್ಲಿಗೇ ಕರೆತರುತ್ತೇನೆ, ಕಾರ್ಯಕ್ರಮವನ್ನೂ ನೋಡಿದಂತಾಯಿತು, ನಿನ್ನನ್ನೂ ನೋಡಿದಂತಾಯಿತು. ಹಸಿರು ಸೀರೆ ಉಟ್ಟುಕೋ.

ಜೈತುನಬಿಯ ಮನೆಯಲ್ಲಿ ಸುರಕುಂಬಾ, ಹಬ್ಬದ ಶಾವಿಗೆ ಪಾಯಸ. ಇಬ್ಬರೇ. ಅವರು ಅಭ್ಯಾಸದಿಂದ ಮೂರು ಬಟ್ಟಲಿಗೆ ಹಾಕಿದರು. ಹಾಕಿದ ಮೇಲೆ ಇಬ್ಬರೂ ಆ ಮೂರನೆಯದನ್ನು ನೋಡಿದೆವು. ನಾನೇ ಅದನ್ನೂ ಕುಡಿದೆ. ಚೆಲ್ಲುವುದು ಹೇಗೆ?

“ಮುದ್ದೇಬಿಹಾಳದ್ದು ಛಲೋ ಸಂಬಂಧ ಅಂತ ಕೇಳೇನಿ” ಎಂದರು, ನನ್ನ ಕಡೆ ನೋಡದೆ.

“ಹೌದಂತ್ರಿ.”

“ಹೂಂ ಅನ್ನು. ಮೂರನೇ ಹಿಡಿ ಗೌಡ್ರ ಕೊಡ್ತಾರ. ನೀ ದೂರ ನಿಂದರು. ಮಕ್ಕಳ ಕಡೆ ನಿಂತ ಹಾಡ ಹಾಡಸು, ಸಾಕು.”

ಎಷ್ಟು ಪ್ರೀತಿಯಿಂದ ನನ್ನನ್ನು ದೂರ ತಳ್ಳುತ್ತಿದ್ದಾರೆ. ಮನೆಗೆ ಬಂದು ಖೋಲಿಯಲ್ಲಿ ಸುಮ್ಮನೆ ಕೂತೆ. ಇಡೀ ಓಣಿಯಲ್ಲಿ ಅತ್ತರಿನ ವಾಸನೆ. ಇಂಥ ಬಿಕೋ ಎನ್ನುವ ಹಬ್ಬ ನನ್ನ ವೈರಿಗೂ ಬೇಡ.


ಜನವರಿ 26. ಬೆಳಿಗ್ಗೆ.

ಹಸಿರು ಸೀರೆ ಮಂಚದ ಮೇಲಿದೆ. ಉಡಲಿಲ್ಲ. ಶಾಲೆಗೆ ಉಡುವ ಬಿಳಿಯದನ್ನೇ ಉಟ್ಟಿದ್ದೇನೆ. ಕೇಳಿದರೆ ಶಾಲೆಯ ಸೀರೆ ಎನ್ನಬಹುದು, ಶೋಕದ್ದೆಂದು ಹೇಳಬೇಕಿಲ್ಲ. ಮಕ್ಕಳು ಬಂದವು. ಹೋಗುತ್ತೇನೆ.


ಜನವರಿ 26. ಮಧ್ಯಾಹ್ನ.

ಬರೆದುಬಿಡುತ್ತೇನೆ.

ಝಂಡಾ ಏರಿತು. ಮಕ್ಕಳು ಹಾಡಿದವು. ಗೌಡರು ಭಾಷಣ ಮಾಡಿ ‘ಹುತಾತ್ಮ’ ಎನ್ನಲು ಹೋಗಿ ಜೈತುನಬಿಯ ಮುಖ ನೋಡಿ ‘ಹು… ಹುಡುಗ’ ಎಂದರು. ಕಲ್ಲನ್ನು ತೆಗ್ಗಿಗೆ ಇಳಿಸಿದರು. ಹಿಂದಿನ ದಿನ ನೀರು ಹಾಕಿದ್ದರಿಂದ ಮಣ್ಣು ಹಸಿಯಿತ್ತು. ಅಣ್ಣ ಬೇಲಿಯ ಹತ್ತಿರ ನಿಂತಿದ್ದ, ಪಕ್ಕದಲ್ಲಿ ಟೋಪಿ ಹಾಕಿದ ಮುದ್ದೇಬಿಹಾಳದ ಇಬ್ಬರು ಹಿರಿಯರು. ಅಣ್ಣ ನನ್ನ ಬಿಳಿ ಸೀರೆ ನೋಡಿ ಹಲ್ಲು ಕಚ್ಚಿದ್ದು ಅಷ್ಟು ದೂರದಿಂದಲೂ ಕಂಡಿತು.

ಜೈತುನಬಿ ಮೊದಲನೇ ಹಿಡಿ ಕೊಟ್ಟರು. ಬಾಯಿಯಲ್ಲಿ ಏನೋ ಅಂದುಕೊಂಡರು. ಅಮಸಿದ್ದ ಎರಡನೆಯದು ಕೊಟ್ಟ, ಎಡಗೈಯಲ್ಲಿ. “ಮೂರನೇದು ಊರ ಪರವಾಗಿ ನಾ” ಎಂದು ಗೌಡರು ಧೋತರ ಎತ್ತಿ ಬಗ್ಗಿದರು. ಅಮಸಿದ್ದ ಬಗ್ಗಿದ ಗೌಡರನ್ನು ನೋಡಲಿಲ್ಲ. ಮಕ್ಕಳ ನಡುವೆ ನಿಂತ ನನ್ನನ್ನು ನೋಡಿದ. ಬರೀ ನೋಡಿದ.

ಕಾಲು ಯಾವಾಗ ಎದ್ದವೋ ಗೊತ್ತಿಲ್ಲ.

“ತಡೀರಿ ಗೌಡ್ರ. ಮೂರನೇ ಹಿಡಿ ನಂದೈತ್ರಿ.”

“ನಿಮ್ದು? ನಿಮಗೇನಾಗಬೇಕ್ರಿ ಬಾಯಾರ ಅಂವಾ?”

ಜೈತುನಬಿ ತಲೆಯಲ್ಲಾಡಿಸುತ್ತಿದ್ದರು — ಬೇಡ, ಬೇಡ, ಬೇಡ. ಬೇಲಿಯ ಕಡೆಯಿಂದ ಅಣ್ಣ “ಸಗೀರಾ!” ಎಂದ.

“ಜೂನಿನಾಗ ಇವರ ಹೆಸರಿನ ಸಕ್ಕರಿ ತಿಂದೇನ್ರಿ” ಎಂದೆ. ಅಷ್ಟೇ. ಮಕ್ಕಳಿಗೆ ಮಗ್ಗಿ ಹೇಳುವ ದನಿಯಲ್ಲಿ, ಕೊನೆಯ ಬೆಂಚಿಗೂ ಕೇಳಿಸುವಂತೆ.

ಗುಸುಗುಸು ಎದ್ದಿತು. ಯಾರೋ “ಅಯ್ಯ ಶಿವನ” ಎಂದರು. ಶೆಟ್ಟೆವ್ವ ಹಿಂದಿನಿಂದ ಜೋರು ಮಾಡಿದಳು, “ಸರೀರಿ ಗೌಡ್ರ, ದಾರಿ ಬಿಡ್ರಿ. ಮಣ್ಣಿಗೆ ಬಂದವರನ್ನ ತಡೀತಾರೇನ್ರಿ?” ಗೌಡರು ಸರಿದರು. ಜೈತುನಬಿ ತಲೆಯಲ್ಲಾಡಿಸುವುದು ನಿಲ್ಲಿಸಿದರು. ಪಕ್ಕಕ್ಕೆ ಜರುಗಿ ನನಗೆ ಜಾಗ ಮಾಡಿದರು. ಎಲ್ಲರೆದುರು, ಬಾಯಾರ ಎನ್ನಲಿಲ್ಲ.

“ಬಾ ಸಗೀರಾ.”

ಕೊಟ್ಟೆ.

ಮುದ್ದೇಬಿಹಾಳದವರು ಚಹಾ ಕುಡಿಯದೆ ಹೋದರು. ಹೆಡ್‌ಮಾಸ್ತರು ನನ್ನ ಕಡೆ ನೋಡಲಿಲ್ಲ. ಹೆಂಗಸರು ನನ್ನನ್ನು ಬಿಟ್ಟು ದೂರ ದೂರ ನಡೆದರು. ನಾಳೆಯಿಂದ ನನ್ನ ಕಾಲ್ಗುಣದ ಲೆಕ್ಕ ಮನೆಮನೆಯಲ್ಲಿ. ಆಗಲಿ.

ಬಂದು ಕೈ ತೊಳೆಯಲು ಕೂತೆ. ಬೆರಳ ಸಂದಿಯಲ್ಲಿ, ಉಗುರಿನಲ್ಲಿ ಎರಿ ಮಣ್ಣು. ಮಗಿಯಲ್ಲಿ ನೀರು ತುಂಬಿಕೊಂಡೆ, ಹಾಗೇ ಇಟ್ಟೆ. ಈ ಹಾಳೆಯ ಅಂಚಿಗೂ ಹತ್ತಿದೆ. ಹತ್ತಿತಂದ್ರ ಬಿಡಂಗಿಲ್ಲ…

ಅಣ್ಣ ಹೋಗಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ. ಶೆಟ್ಟೆವ್ವ ನೀರು ಕೊಟ್ಟಳು, ಕುಡಿಯಲಿಲ್ಲ. ಈಗ ಬಾಗಿಲು ತಟ್ಟುತ್ತಿದ್ದಾನೆ. “ಒಂದ ಮಾತ ಹೇಳ ಸಗೀರಾ. ಬರೇ ಸಕ್ಕರಿ ತಿಂದಾಕಿ ನೀ. ಅವಗ ನೀ ಏನ ಆಗಬೇಕು?”

ಎದ್ದು ಬಾಗಿಲು ತೆಗೆಯುತ್ತೇನೆ. ಹೇಳುತ್ತೇನೆ. ಅಣ್ಣಾ, ನಾನು ಅವರ ಬಾಯಾರು.